ನಾಲ್ಕು ಪ್ರಯೋಗ ತಪ್ಪು ಎಂದ ವಿದ್ಯಾರ್ಥಿ

‘ನಮ್ಮಲ್ಲೇ ಮೊದಲು’ ಅಂತ ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿ ಹಾಕಿಕೊಂಡು ಅನ್ನ ತಿನ್ನುವವರು ನಾವು. ಹಾಗಾಗಿ ಮೊದಲು ಹೇಳಿದ್ದು ಯಾರು ಅನ್ನೋ ಜಗಳ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಅವರನ್ನು ಈ ಜಗಳ ಕೊನೆತನಕ ಬಿಡಲಿಲ್ಲ.

ಹುಟ್ಟಿದ್ದು 1931ರಲ್ಲಿ, ಕೇರಳದ ಕೊಟ್ಟಾಯಂ ಹತ್ತಿರ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ, ಅಲ್ಲಿಂದ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯ. ಅಲ್ಲಿ ಗುರು ರಾಬರ್ಟ್ ಮಾರ್ಷಾಕ್.

ಆಗ ಭೌತವಿಜ್ಞಾನದಲ್ಲಿ ದೊಡ್ಡ ಗೊಂದಲ. ಪರಮಾಣುವಿನ ನ್ಯೂಕ್ಲಿಯಸ್‌ನೊಳಗಿನ ನ್ಯೂಟ್ರಾನ್ ಒಡೆದು ಪ್ರೋಟಾನ್ ಆಗುತ್ತೆ, ಎಲೆಕ್ಟ್ರಾನ್ ಹೊರಗೆ ಬರುತ್ತೆ. ಇದರ ಹಿಂದಿರುವುದು ‘ದುರ್ಬಲ ಬಲ’. ಹೆಸರು ದುರ್ಬಲ, ಆದರೆ ಅದಿಲ್ಲದಿದ್ದರೆ ಸೂರ್ಯ ಉರಿಯೋದೇ ಇಲ್ಲ! ಆ ಬಲಕ್ಕೆ ಗಣಿತದಲ್ಲಿ ಐದು ರೂಪಗಳು ಸಾಧ್ಯವಿದ್ದವು. ಒಂದು ಪ್ರಯೋಗ ಒಂದನ್ನು ತೋರಿಸಿದರೆ ಇನ್ನೊಂದು ಮತ್ತೊಂದನ್ನು ತೋರಿಸುತ್ತಿತ್ತು.

ಸುದರ್ಶನ್ ಎಲ್ಲ ಲೆಕ್ಕಗಳನ್ನೂ ಹರಡಿಕೊಂಡು ಕೂತರು. 1957ರಲ್ಲಿ ಗುರು-ಶಿಷ್ಯರು ಹೇಳಿದ್ದಿಷ್ಟು: ಐದರಲ್ಲಿ ಎರಡು ರೂಪ ಸೇರಿದ ‘ವಿ ಮೈನಸ್ ಎ’ ಒಂದೇ ಸರಿಹೊಂದುತ್ತದೆ. ಹಾಗಾದರೆ ಇದಕ್ಕೆ ಹೊಂದದ ನಾಲ್ಕು ಪ್ರಯೋಗಗಳ ಗತಿ? ಅವೇ ತಪ್ಪಿರಬೇಕು, ಮತ್ತೆ ಮಾಡಿ ನೋಡಿ! ಇನ್ನೂ ಪಿಎಚ್‌.ಡಿ. ಕೈಗೆ ಬಾರದ ಇಪ್ಪತ್ತೈದರ ಹುಡುಗನಿಗೆ ಎಂಥಾ ಎದೆಗಾರಿಕೆ ನೋಡಿ. ಮತ್ತೆ ಮಾಡಿದರು. ನಾಲ್ಕೂ ತಪ್ಪೇ ಆಗಿದ್ದವು.

ಎಡವಟ್ಟಾಗಿದ್ದು ಬೇರೆ ಕಡೆ. ಅದೇ ವರ್ಷ ಏಪ್ರಿಲ್‌ನಲ್ಲಿ ರಾಚೆಸ್ಟರ್‌ನಲ್ಲೇ ದೊಡ್ಡ ಸಮ್ಮೇಳನ ನಡೆಯಿತು. ಅದನ್ನು ಶುರುಮಾಡಿದ್ದೇ ಮಾರ್ಷಾಕ್. ಸುದರ್ಶನ್ ವಿದ್ಯಾರ್ಥಿಯಾದ್ದರಿಂದ ಮಾತಿಗೆ ಅವಕಾಶವಿಲ್ಲ. ಮಾರ್ಷಾಕ್ ಮಾತಾಡಿದ್ದು ಬೇರೆ ವಿಷಯ. ವಿಚಾರ ಸಭೆಗೆ ಬಂದಿದ್ದು ಸೆಪ್ಟೆಂಬರ್‌ನಲ್ಲಿ, ಇಟಲಿಯ ಸಮ್ಮೇಳನದಲ್ಲಿ. ಆ ಸಮ್ಮೇಳನದ ಪುಸ್ತಕ ಹೊರಬರೋದು ತಡವಾಯಿತು. ಅಷ್ಟರಲ್ಲಿ, 1958ರ ಜನವರಿಯಲ್ಲಿ, ರಿಚರ್ಡ್ ಫೈನ್‌ಮನ್ ಮತ್ತು ಮರ್ರೆ ಗೆಲ್-ಮನ್ ಅದೇ ಸಿದ್ಧಾಂತವನ್ನು ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟಿದ್ದರು. ಜಗತ್ತು ಓದಿದ್ದು ಅದನ್ನೇ.

ಇಂಥ ಕಥೆ ಸಿಕ್ಕರೆ ನಮ್ಮ ಸ್ಟುಡಿಯೋಗಳಲ್ಲಿ ‘ಭಾರತೀಯನಿಗೆ ಮಹಾಮೋಸ’ ಅಂತ ಹೆಡ್‌ಲೈನ್ ಹೊಡೆದುಬಿಡುತ್ತೇವೆ. ನನಗದು ಒಪ್ಪಿಗೆಯಿಲ್ಲ. ನ್ಯೂಯಾರ್ಕ್‌ನಲ್ಲಿ ಹುಟ್ಟಿ ಬೆಳೆದ ಮಾರ್ಷಾಕ್ ಕೂಡ ಶಿಷ್ಯನಷ್ಟೇ ಕಳೆದುಕೊಂಡರು. ಗೆಲ್-ಮನ್ ತಮ್ಮ ಪ್ರಬಂಧದಲ್ಲೇ ಇವರಿಬ್ಬರ ಜೊತೆಗಿನ ಚರ್ಚೆಗೆ ವಂದನೆ ಹೇಳಿದ್ದಾರೆ. ಕಂಡುಹಿಡಿದದ್ದು ಸುದರ್ಶನ್ ಮತ್ತು ಮಾರ್ಷಾಕ್, ನಾವು ಪ್ರಚಾರ ಕೊಟ್ಟೆವು ಅನ್ನೋ ಅರ್ಥದ ಮಾತನ್ನು ಸ್ವತಃ ಫೈನ್‌ಮನ್ 1963ರಲ್ಲಿ ಆಡಿದರು. ಹಾಗಂತ ನೋವು ಸಣ್ಣದೇನಲ್ಲ. ದುರ್ಬಲ ಬಲದ ಮುಂದಿನ ಸಿದ್ಧಾಂತಕ್ಕೆ 1979ರಲ್ಲಿ ಮೂವರಿಗೆ ನೊಬೆಲ್ ಬಂತು. ಅದರ ಅಡಿಪಾಯ ಈ ‘ವಿ ಮೈನಸ್ ಎ’.

ಬೆಳಕಿನ ವಿಜ್ಞಾನದಲ್ಲೂ ಹಾಗೇ ಆಯಿತು. 1963ರಲ್ಲಿ ಸುದರ್ಶನ್ ಪ್ರಕಟಿಸಿದ ಸೂತ್ರಕ್ಕೆ ಇಂದಿಗೂ ‘ಗ್ಲೌಬರ್-ಸುದರ್ಶನ್’ ಅಂತ ಜೋಡಿ ಹೆಸರಿದೆ. 2005ರ ನೊಬೆಲ್‌ನಲ್ಲಿ ಮಾತ್ರ ಈ ಜೋಡಿ ಇಲ್ಲ, ಇಬ್ಬರಲ್ಲಿ ರಾಯ್ ಗ್ಲೌಬರ್‌ಗೆ ಮಾತ್ರ ಪಾಲು! ಈ ಸಲ ಅವರು ಸುಮ್ಮನಿರಲಿಲ್ಲ. ನೊಬೆಲ್ ಸಮಿತಿಗೇ ಪತ್ರ ಬರೆದು ಕೇಳಿದರು.

ಟೆಕ್ಸಾಸ್‌ನಲ್ಲಿ ಪ್ರಾಧ್ಯಾಪಕರಾದ ಮೇಲೂ ಈ ಕಡೆಯ ನಂಟು ಬಿಡಲಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದವರು ಇವರೇ. ರಾಚೆಸ್ಟರ್‌ನಲ್ಲಿ ಇವರ ಕೈಕೆಳಗೆ ಪಿಎಚ್‌.ಡಿ. ಮಾಡಿದ ಎನ್. ಮುಕುಂದ ಅಲ್ಲಿಗೇ ಬಂದು ಸೇರಿದರು. ಗುರು-ಶಿಷ್ಯರು ಸೇರಿ ಬರೆದ ಚಲನಶಾಸ್ತ್ರದ ಪುಸ್ತಕ 1974ರಲ್ಲಿ ಹೊರಬಂತು. ಅದರ ಮೇಲೆ ಇಬ್ಬರ ಹೆಸರೂ ಇದೆ.