ಹಾಲಿವುಡ್‌ನಲ್ಲಿ ಎರಡೂವರೆ ವರ್ಷಕ್ಕೂ ಹೆಚ್ಚು ಉಳಿದ ಕೋವಿಡ್ ನಿಯಮ

2020ರ ಮಾರ್ಚ್‌ನಲ್ಲಿ ಹಾಲಿವುಡ್‌ನ ಶೂಟಿಂಗ್ ನಿಂತಿತು. ಮತ್ತೆ ಶುರು ಮಾಡಲು ಸ್ಟುಡಿಯೋಗಳು ಮತ್ತು ಕಲಾವಿದರು, ಕಾರ್ಮಿಕರ ಸಂಘಟನೆಗಳು ಅದೇ ವರ್ಷ ಸೆಪ್ಟೆಂಬರ್ 21ರಂದು ಒಪ್ಪಂದ ಪ್ರಕಟಿಸಿದವು. ಸೆಟ್ಟನ್ನು ವಲಯಗಳಾಗಿ ವಿಂಗಡಿಸಲಾಯಿತು. ಕ್ಯಾಮೆರಾ ಮುಂದೆ ನಟರು ಮಾಸ್ಕ್ ಹಾಕುವಂತಿಲ್ಲ; ಹಾಗಾಗಿ ಅವರಿದ್ದ ‘ಎ’ ವಲಯಕ್ಕೆ ವಾರದಲ್ಲಿ ಕನಿಷ್ಠ 3 ಪರೀಕ್ಷೆ. ದಿನದ ಲೆಕ್ಕದಲ್ಲಿ ದುಡಿಯುವವರು ಸಂಬಳ ಹೋಗುತ್ತದೆಂದು ಜ್ವರ ಮುಚ್ಚಿಟ್ಟು ಬರಬಾರದಲ್ಲ? ಅದಕ್ಕೆ 10 ದಿನದವರೆಗೆ ವೇತನ ಸಹಿತ ರಜೆ.

2021ರ ಜುಲೈಯಲ್ಲಿ ‘ಎ’ ವಲಯದವರಿಗೆ ಲಸಿಕೆ ಕಡ್ಡಾಯ ಮಾಡುವ ಅವಕಾಶ ನಿರ್ಮಾಪಕರಿಗೆ ಸಿಕ್ಕಿತು. ಥಿಯೇಟರ್‌ಗಳು ತೆರೆದ ಮೇಲೂ ಒಪ್ಪಂದವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಮುಖ್ಯ ನಟನೊಬ್ಬ ಮಲಗಿದರೆ ಇಡೀ ತಂಡದ ಕೆಲಸ ನಿಂತು ನಷ್ಟ. ಕೊನೆಗೆ 2023ರ ಮೇ 11ರಂದು, ಅಮೆರಿಕದ ಆರೋಗ್ಯ ತುರ್ತುಸ್ಥಿತಿ ಮುಗಿದ ದಿನವೇ, ಒಪ್ಪಂದವೂ ಮುಗಿಯಿತು.