ಹೊಸ ಧಾನ್ಯದ ರೊಟ್ಟಿ, ಅಪರಿಚಿತರ ಸಮಾಧಿ: ಮಾರ್ವೆನ್‌ಸ್ಟೋ ಸಭೆಯ ನಲವತ್ತು ವರ್ಷಗಳು

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಎದುರಾದ ಕಡಿದಾದ ಬಂಡೆಗಳ ಮೇಲೆ ಮಾರ್ವೆನ್‌ಸ್ಟೋ ಎಂಬ ಗ್ರಾಮಸಭೆಯಿದೆ. 1835ರಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಅಲ್ಲಿಗೆ ಸಭಾಪಾಲಕರಾಗಿ ಬಂದಾಗ, ಸುಮಾರು ಒಂದು ಶತಮಾನದಿಂದ ಪಾಲಕರಾರೂ ಅಲ್ಲಿ ನೆಲೆಸಿರಲಿಲ್ಲ. ಸಭೆಯ ವರಮಾನ ಒಬ್ಬರಿಗೆ, ಸೇವೆಯ ಭಾರ ಇನ್ನೊಬ್ಬರಿಗೆ ಎಂಬ ಪದ್ಧತಿ ಆಂಗ್ಲಿಕನ್ ಗ್ರಾಮಸಭೆಗಳಲ್ಲಿ ಅಂದು ಅಪರೂಪವಾಗಿರಲಿಲ್ಲ. ಈ ನಡುವೆ ಜನರು ಮೆಥಡಿಸ್ಟ್ ಪ್ರಾರ್ಥನಾಲಯಗಳತ್ತ ಹೊರಳಿದ್ದರು.

ಆ ಕರಾವಳಿಯಲ್ಲಿ ಹಡಗುಗಳು ಒಡೆಯುವುದು ಸಾಮಾನ್ಯ. ದಡಕ್ಕೆ ಬಂದ ಶವಗಳನ್ನು ಹಿಂದೆ ಸಿಕ್ಕಿದಲ್ಲಿಯೇ ಹೂಳುತ್ತಿದ್ದರು. ಅವುಗಳಿಗೆ ದೇವಾಲಯದ ಅಂಗಳದಲ್ಲಿ ಸಮಾಧಿ ದೊರೆಯಬೇಕೆಂದು 1808ರ ಶಾಸನವು ವಿಧಿಸಿತು. ಆದರೆ ಶಾಸನವು ಬಂಡೆಯಿಳಿದು ಶವವನ್ನು ಹುಡುಕುವುದಿಲ್ಲ. ಹಾಕರ್ ಹುಡುಕಿದರು. 1842ರಲ್ಲಿ 'ಕ್ಯಾಲೆಡೋನಿಯ' ಹಡಗು ಒಡೆದಾಗ ಬದುಕುಳಿದವನು ಒಬ್ಬನೇ. ಮಡಿದ ನಾವಿಕರನ್ನು ಅವರು ಕ್ರೈಸ್ತ ವಿಧಿಯಂತೆ ಸಮಾಧಿಮಾಡಿ, ಹಡಗಿನ ಮುಂಗೋಟಿನ ಪ್ರತಿಮೆಯನ್ನೇ ಅಲ್ಲಿ ಗುರುತಾಗಿ ನಿಲ್ಲಿಸಿದರು. ಅವರ ಸೇವಾವಧಿಯಲ್ಲಿ ಹೀಗೆ ಮಣ್ಣಾದ ನಾವಿಕರು ನಲವತ್ತಕ್ಕೂ ಹೆಚ್ಚು.

ಮರುವರ್ಷ, 1843ರ ಅಕ್ಟೋಬರ್ ತಿಂಗಳ ಮೊದಲ ಭಾನುವಾರ, ಹೊಸ ಧಾನ್ಯದ ರೊಟ್ಟಿಯಿಂದಲೇ ಕರ್ತನ ಭೋಜನವನ್ನು ಸ್ವೀಕರಿಸಲು ಅವರು ಸಭೆಯನ್ನು ಕರೆದರು. ಮಧ್ಯಯುಗದ ಪ್ರಥಮಫಲದ ಆರಾಧನೆಯ ನೆನಪು ಅದರಲ್ಲಿತ್ತು. ನಮ್ಮ ಸಭೆಗಳಲ್ಲಿಯೂ ನಡೆಯುವ ಬೆಳೆ ಹಬ್ಬದ ಆಧುನಿಕ ರೂಪಕ್ಕೆ ಈ ಆರಾಧನೆಯನ್ನೇ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಅದು ಸಮೃದ್ಧಿಯ ಕಾಲವಲ್ಲ. ಕೂಲಿಯವರ ಮನೆಗಳಲ್ಲಿ ಹಸಿವಿದ್ದ ದಶಕವದು. ಆದ್ದರಿಂದಲೇ ಹಾಕರ್ ಬಡವರಿಗಾಗಿ ವಾರದ ಕಾಣಿಕೆಯನ್ನೂ ಆರಂಭಿಸಿದರು. ಅದು ವಿರೋಧವನ್ನೂ ಎದುರಿಸಿತು. ಬಲಿಪೀಠದ ರೊಟ್ಟಿಯನ್ನೂ ಬಡವನ ರೊಟ್ಟಿಯನ್ನೂ ಅವರು ಬೇರ್ಪಡಿಸಲಿಲ್ಲ.

ಆದರೂ ಇದನ್ನು ಪುಣ್ಯಚರಿತ್ರೆಯಾಗಿ ಬರೆಯುವುದು ಸತ್ಯಕ್ಕೆ ದ್ರೋಹ. ತಮ್ಮದೇ ಗ್ರಾಮದ ಮೆಥಡಿಸ್ಟರನ್ನು ಅವರು ಕಟುವಾಗಿ ಹೀಯಾಳಿಸಿದರು. ಸತ್ತ ಅಪರಿಚಿತರಿಗೆ ತೋರಿದ ಗೌರವ ಬದುಕಿದ್ದ ನೆರೆಯವರಿಗೆ ಯಾವಾಗಲೂ ಸಲ್ಲಲಿಲ್ಲ. 1875ರಲ್ಲಿ, ಮರಣಶಯ್ಯೆಯಲ್ಲಿ, ಅವರು ರೋಮನ್ ಕಥೋಲಿಕ ಸಭೆಯನ್ನು ಸೇರಿದರು. ನಲವತ್ತು ವರ್ಷಗಳ ಅವರ ಸೇವೆ ಪ್ರಾಮಾಣಿಕವಾಗಿತ್ತೇ ಎಂಬ ವಿವಾದವೆದ್ದಿತು.

ಆ ಪ್ರಶ್ನೆಗೆ ಚರಿತ್ರಕಾರನು ತೀರ್ಪು ನೀಡಲಾರನು. ಹೃದಯವನ್ನು ಪರಿಶೋಧಿಸುವಾತನು ಬೇರೆ ಇದ್ದಾನೆ. ಆದರೆ ದಾಖಲೆ ಒಂದನ್ನು ಸ್ಪಷ್ಟಪಡಿಸುತ್ತದೆ: ಪಾಲಕನು ಜನರ ನಡುವೆ ನೆಲೆಸದಿದ್ದರೆ ಆ ಶವಗಳನ್ನು ಹುಡುಕುವವರೂ ಇರುತ್ತಿರಲಿಲ್ಲ, ಆ ರೊಟ್ಟಿಯನ್ನು ಮುರಿಯುವವರೂ ಇರುತ್ತಿರಲಿಲ್ಲ. ಪಾಲನಾಸೇವೆಗೆ ಸಿದ್ಧರಾಗುವವರು ಅವರ ನಿಷ್ಠೆಯಿಂದ ಎಷ್ಟು ಕಲಿಯಬಹುದೋ ಅವರ ಕುರುಡಿನಿಂದಲೂ ಅಷ್ಟೇ ಕಲಿಯಬೇಕಾಗಿದೆ.