ಸಿಡುಬು ಯಾರ ಬ್ಲಡ್ ಗ್ರೂಪ್ ಕೇಳಿತ್ತು?

"ನಂದು ಓ ಪಾಸಿಟಿವ್ ಅದ ರೀ, ನನಗೇನೂ ಆಗಂಗಿಲ್ಲ." ಕೊರೊನಾ ಕಾಲದಲ್ಲಿ ಭೀಮರಾಯನಗುಡಿಯಿಂದ ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದವರೊಬ್ಬರು ಹೇಳಿದ ಮಾತಿದು. ಪಕ್ಕದ ಕಲಬುರಗಿ ನೋಡಿ. 2020ರ ಮಾರ್ಚ್ 10ರಂದು ತೀರಿಕೊಂಡ ಅಲ್ಲಿನ ಹಿರಿಯರೊಬ್ಬರದ್ದೇ ದೇಶದಲ್ಲಿ ದಾಖಲಾದ ಮೊದಲ ಕೊರೊನಾ ಸಾವು. ಸಾವು ಅಷ್ಟು ಹತ್ತಿರ ಇದ್ದಾಗಲೂ ಈ ಧೈರ್ಯ ಬಂದಿದ್ದೆಲ್ಲಿಂದ?

ಸುಮ್ಮನೆ ಹುಟ್ಟಿದ ಗಾಳಿಮಾತಲ್ಲ ಇದು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಅಂತ ತೋರಿಸಿದರು. 1930ರಲ್ಲಿ ನೊಬೆಲ್ ಬಂತು. ಗುಂಪು ಬೇರೆಯಾದರೆ ರೋಗದ ತೀವ್ರತೆಯೂ ಬೇರೆಯಾಗುತ್ತಾ? ಈ ಪ್ರಶ್ನೆ ನಮ್ಮ ದೇಶದಲ್ಲೇ ಜೋರಾಗಿ ಎದ್ದಿತ್ತು. ಆಗ ಎದುರಿಗಿದ್ದ ವೈರಸ್ ಸಿಡುಬಿನದು.

1960ರ ದಶಕ. ಸಿಡುಬಿನ ಲಸಿಕೆಯ ವೈರಸ್ ಮೇಲೆ ಎ ಗುಂಪಿನ ಗುರುತನ್ನೇ ಹೋಲುವ ವಸ್ತು ಇದೆ ಎಂಬ ವಾದ ಹುಟ್ಟಿತು. ಎ ಗುಂಪಿನವರ ದೇಹ ಆ ಗುರುತಿನ ವಿರುದ್ಧ ಪ್ರತಿಕಾಯ ತಯಾರಿಸುವುದಿಲ್ಲ. ತಯಾರಿಸಿದರೆ ತನ್ನ ರಕ್ತವನ್ನೇ ಹೊಡೆದಂತಾಗುತ್ತದಲ್ಲ! ಹಾಗಾಗಿ ಸಿಡುಬಿನ ವೈರಸ್ ವೇಷ ಮರೆಸಿಕೊಂಡು ಒಳಗೆ ಬರುತ್ತದೆ ಅನ್ನೋದು ಲೆಕ್ಕಾಚಾರ. ಫೋಗೆಲ್ ಮತ್ತು ಚಕ್ರವರ್ತಿ ಎಂಬ ವಿಜ್ಞಾನಿಗಳು ಪಶ್ಚಿಮ ಬಂಗಾಳ, ಬಿಹಾರದ ಹಳ್ಳಿಗಳಲ್ಲಿ ರೋಗಿಗಳ ರಕ್ತ ಪರೀಕ್ಷಿಸಿದರು. ಎ ಮತ್ತು ಎಬಿ ಗುಂಪಿನವರಿಗೆ ರೋಗ ಹೆಚ್ಚು ಉಗ್ರ ಅಂತ 1966ರಲ್ಲಿ ಬರೆದರು. ಆದರೆ ಅದಕ್ಕೂ ಒಂದು ವರ್ಷ ಮೊದಲೇ ಮದ್ರಾಸಿನ ರೋಗಿಗಳನ್ನು ನೋಡಿದ ಇನ್ನೊಂದು ತಂಡ, ಅಂಥ ಸಂಬಂಧ ಕಾಣಿಸಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವರದಿ ಮಾಡಿತ್ತು.

ಒಂದೇ ದೇಶ, ಒಂದೇ ರೋಗ, ಎರಡು ಉತ್ತರ. ವಾದ ಮುಗಿಯುವ ಮೊದಲೇ ಸಿಡುಬು ಮುಗಿಯಿತು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಪ್ರಕರಣ. ಓಡಿಸಿದ್ದು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿ, ಸುತ್ತಲಿನವರಿಗೆಲ್ಲ ಲಸಿಕೆ ಚುಚ್ಚಿದ ಆರೋಗ್ಯ ಸಿಬ್ಬಂದಿ. ಅವರು ಯಾರ ಗುಂಪನ್ನೂ ಕೇಳಲಿಲ್ಲ.

ಕೊರೊನಾದಲ್ಲಿ ಅದೇ ಕಥೆ ಮರುಕಳಿಸಿತು. 2020ರ ಜೂನ್‌ನಲ್ಲಿ ಇಟಲಿ, ಸ್ಪೇನ್‌ನ ಅಧ್ಯಯನವೊಂದು ಉಸಿರಾಟ ಕೈಕೊಡುವ ಅಪಾಯ ಎ ಗುಂಪಿನವರಿಗೆ ಹೆಚ್ಚು, ಓ ಗುಂಪಿನವರಿಗೆ ಕಡಿಮೆ ಅಂದಿತು. ನಾವು ಟಿವಿಯವರು ಅದನ್ನು ಬ್ರೇಕಿಂಗ್ ನ್ಯೂಸ್ ಮಾಡಿದೆವು. 2021ರಲ್ಲಿ ಅಮೆರಿಕದ ಯೂಟಾದಲ್ಲಿ ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದರು. ಸಂಬಂಧ ಸಿಗಲಿಲ್ಲ. ಅದು ಬ್ರೇಕಿಂಗ್ ನ್ಯೂಸ್ ಆಗಲಿಲ್ಲ.

ನೆನಪಿಡಿ, "ಅಪಾಯ ಕಡಿಮೆ" ಅಂದರೆ "ಅಪಾಯ ಇಲ್ಲ" ಅಂತಲ್ಲ. ಸಾವಿರಾರು ಜನರ ಸರಾಸರಿ ನಿಮ್ಮೊಬ್ಬರ ಜಾತಕವೂ ಅಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಹಾಕಿಸಿಕೊಂಡ ಲಸಿಕೆ, ಸಮಯಕ್ಕೆ ಸಿಕ್ಕ ಆಕ್ಸಿಜನ್, ಜೀವ ಉಳಿಯುವ ಲೆಕ್ಕದಲ್ಲಿ ಇವುಗಳ ತೂಕವೇ ಹೆಚ್ಚು. ನಿಮ್ಮ ಬ್ಲಡ್ ಗ್ರೂಪ್ ಖಂಡಿತ ತಿಳಿದುಕೊಳ್ಳಿ. ಯಾರಿಗೋ ರಕ್ತ ಕೊಡಲು ಬೇಕಾಗುತ್ತದೆ. ಅದನ್ನೇ ತಾಯತ ಮಾಡಿಕೊಂಡು ಆಸ್ಪತ್ರೆಗೆ ಹೋಗೋದನ್ನ ಮಾತ್ರ ಮುಂದೂಡಬೇಡಿ.